ಟರ್ಬೊ ಕೆಳಗಿನ ಪೈಪು

ಭಾವ,

ನಿಮ್ಮ ಈಗಿನ ವಿಳಾಸ ಯಾವ ಪೋಸ್ಟ್‌ಮ್ಯಾನಿಗೂ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಇವತ್ತು ನಿಮ್ಮ ಮಗಳು ನಿಮ್ಮ ಕಾರನ್ನು ನನ್ನ ಶೆಡ್ಡಿಗೆ ತಂದಳು. ಎಂಜಿನ್ನಿನ ಟರ್ಬೊದಿಂದ ಹೊಗೆ ಇಳಿಯುವ ಪೈಪು ಬಿರುಕು ಬಿಟ್ಟಿತ್ತು.

"ನಾಳೆ ಕೊಳ್ಳೋರು ಬರ್ತಾರೆ ಮಾವ. ಮಾರೋ ಗಾಡಿಗೆ ಮಾಮೂಲಿ ಕಬ್ಬಿಣ ಸಾಕು."

"ತುಕ್ಕು ಹಿಡಿಯುತ್ತೆ ಕಣೇ. ಸ್ಟೇನ್‌ಲೆಸ್ ಸ್ಟೀಲೇ ಹಾಕೋದು. ನನ್ನಂಥ ಬೆಸುಗೆಗಾರ ಏಳೂರು ಹುಡುಕಿದ್ರೂ ಸಿಗಲ್ಲ!"

"ಜಂಬ ನೋಡು! ಮೊದ್ಲು ಗಾಡಿ ಕೆಳಗಿಂದ ಎದ್ದು ಬಾ."

ಸ್ಟೇನ್‌ಲೆಸ್ ಕಾದರೆ ಹೆಚ್ಚು ಹಿಗ್ಗುತ್ತದೆ. ಅದಕ್ಕೇ ಪೈಪಿನ ನಡುವೆ ಬಳುಕುವ ತುಂಡೊಂದನ್ನು ಸೇರಿಸಿದೆ. ಕೊನೆಗೆ, ಈ ಬೆಸುಗೆ ಆರಲು ಒಂದು ವಾರ ಬೇಕೆಂದು ಕಾಗೆ ಹಾರಿಸಿದೆ.

ನಿಮ್ಮ ಮಗಳಲ್ಲವೇ, ಬಗ್ಗಿ ಪೈಪನ್ನು ಮುಟ್ಟಿ ನೋಡಿದಳು. ಅದಾಗಲೇ ತಣ್ಣಗಾಗಿತ್ತು.

"ಹಾಗಾದ್ರೆ ಕೊಳ್ಳೋರಿಗೆ ಹೇಳಿ ವಾರ ಬಿಟ್ಟೇ ಬರ್ತೀನಿ ಮಾವ," ಎಂದು ಕೀಲಿಯನ್ನು ನನ್ನ ಕೈಗಿಟ್ಟಳು.