ಹಿಡಿಯುವವಳಿಗೆ ಬಿಟ್ಟ ಜಾಗ

ನನಗಿಂತ ಒಂದು ಸಾಲು ಮುಂದೆ ಹೋದ ಪಂಪಿಗೆ,

ನಿನ್ನ ಮಗಳ ಮದುವೆ ಆಯಿತು. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀನು ಪತ್ರವನ್ನು ಪೂರ್ತಿ ಓದದೆ ಕೊನೆಗೆ ಹಾರುವವಳು. ದುರ್ಗಿ ಚೆನ್ನಾಗಿದ್ದಾಳೆ. ಹಡಗಲಿಯ ಹುಡುಗ ಒಳ್ಳೆಯವನು, ಸ್ವಲ್ಪ ಪೆದ್ದನ ಹಾಗೆ ನಗುತ್ತಾನೆ, ನಿನಗೆ ಅದು ಇಷ್ಟವಾಗುತ್ತಿತ್ತು. ರವಿಕೆಗಳನ್ನೆಲ್ಲ ನಾನೇ ಹೊಲಿದೆ. ಒಂದರ ತೋಳು ಬಿಗಿಯಾಯಿತೆಂದು ಒಂದು ಸಂಜೆಯೆಲ್ಲ ಮುಖ ಊದಿಸಿಕೊಂಡಿದ್ದಳು, ಥೇಟ್ ನೀನೇ. ನೀನು ಸತ್ತ ಮೇಲೆ ನಿಮ್ಮ ಮನೆಯಲ್ಲಿ ನನ್ನ ಜೊತೆ ಜಗಳ ಆಡಿದ ಮೊದಲನೆಯವಳು ಅವಳು. ನನಗೆ ಖುಷಿಯೇ ಆಯಿತು.

ಆದರೆ ನಾನು ಬರೆಯಲು ಕೂತದ್ದು ಹಾಡಿನ ವಿಷಯಕ್ಕೆ.

ನಮ್ಮ ಸೋಬಾನೆ ಒಬ್ಬರೇ ಹಾಡುವ ಹಾಡಲ್ಲ ಅಂತ ನಿನಗೆ ಹೇಳುವುದೇನು. ಒಬ್ಬಳು ಸಾಲು ಎತ್ತಬೇಕು, ಇನ್ನೊಬ್ಬಳು ಅದನ್ನೇ ಹಿಡಿದು ತಿರುಗಿ ಹಾಡಬೇಕು. ಆ ಹೊತ್ತಿನಲ್ಲಿ ಎತ್ತಿದವಳು ಉಸಿರು ತೆಗೆದುಕೊಳ್ಳುತ್ತಾಳೆ, ಮುಂದಿನ ಸಾಲು ನೆನಪು ಮಾಡಿಕೊಳ್ಳುತ್ತಾಳೆ. ಕಾನಹೊಸಹಳ್ಳಿಯ ಒಂದೇ ಓಣಿಗೆ ಇಬ್ಬರೂ ಸೊಸೆಯರಾಗಿ ಬಂದಾಗಿನಿಂದ ನೀನು ಎತ್ತುವವಳು, ನಾನು ಹಿಡಿಯುವವಳು. ನಾನೋ, ಎಂದೂ ಸರಿಯಾದ ಹೊತ್ತಿಗೆ ಹಿಡಿದವಳಲ್ಲ. ಯಾರದೋ ಕೂಸನ್ನು ಎತ್ತಿಕೊಳ್ಳುತ್ತಿದ್ದೆ, ಯಾರದೋ ಸೀರೆಯ ಅಂಚು ನೋಡುತ್ತಾ ಮೈಮರೆಯುತ್ತಿದ್ದೆ. ನೀನು ಬೇರೆಯವರ ಹಾಗೆ ನನ್ನನ್ನು ಬಿಟ್ಟು ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. ಬಳೆಯಿಂದ ತಾಳ ತಟ್ಟುತ್ತಾ ಕಾಯುತ್ತಿದ್ದೆ. "ಹಿಡಿಯೇ ಮಾಲಿ, ಹಾಡು ನೆಲಕ್ಕ ಬೀಳತೈತಿ" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಾನು ನಾಚಿಕೆಯಿಲ್ಲದೆ ಹಿಡಿಯುತ್ತಿದ್ದೆ.

ಹುಲುಗೇಶನ ಕೋಣೆ ನೆನಪಿದೆಯಾ? ಬಸ್‌ಸ್ಟ್ಯಾಂಡಿನ ಪಕ್ಕ ಅವನ ಮೊಬೈಲ್ ಅಂಗಡಿ, ಅದರ ಹಿಂದೆ ಅವನು ಸ್ಟುಡಿಯೋ ಎಂದು ಕರೆಯುವ ಗೂಡು. ಹೈವೇ ಲಾರಿಗಳ ಸದ್ದು ಒಳಗೆ ಬರಬಾರದೆಂದು ಗೋಡೆಗೆಲ್ಲ ಹೊಡೆದ ಕೌದಿಗಳು ನಾನು ಹೊಲಿದುಕೊಟ್ಟವೇ. ನಾವು ಫೋನಿನಲ್ಲಿ ಹಾಡಿ ವಾಟ್ಸಾಪಿಗೆ ಹಾಕಿದ್ದನ್ನು ಕೇಳಿ, ಸರಿಯಾಗಿ ರೆಕಾರ್ಡಿಂಗ್ ಮಾಡೋಣ ಬರ್ರಿ ಎಂದು ಅವನೇ ಕರೆದಿದ್ದ. ಒಳಗೆ ಹೋದ ಕೂಡಲೇ "ಅಕ್ಕಾ, ಬಳಿ ತಗೀರಿ, ಮೈಕಿನಾಗ ಕೇಳ್ತಾವ" ಎಂದ. ನೀನು ಎದ್ದೇ ಬಿಟ್ಟೆ. "ಗಂಡ ಇರಾಕಿಗೆ ಬಳಿ ತಗಿ ಅಂತೀಯೇನೋ, ನಿನ್ನ ಬಾಯಾಗ ಮಣ್ಣು ಬೀಳ!" ಕೊನೆಗೆ ನನ್ನ ಕರ್ಚೀಪನ್ನು ನಿನ್ನ ಬಳೆಗಳಿಗೆ ಸುತ್ತಿ ಕಟ್ಟಿದೆವು. ಮದುವಣಗಿತ್ತಿಯ ಕೈ ಮುರಿದ ಹಾಗೆ ಕಾಣುತ್ತಿತ್ತು.

ಆಮೇಲೆ ಅವನು ಒಬ್ಬೊಬ್ಬರೇ ಹಾಡಿ ಎಂದ, ಆಮೇಲೆ ತಾನು ಕಂಪ್ಯೂಟರಿನಲ್ಲಿ ಕೂಡಿಸುತ್ತಾನಂತೆ. ಕಿವಿಗೆ ಹೆಡ್‌ಫೋನ್ ಹಾಕಿದ. ನೀನು ಒಂದು ಸಾಲು ಎತ್ತಿದೆ, ನಿಂತೆ, ಹೆಡ್‌ಫೋನ್ ಕಿತ್ತು ಅವನ ಕೈಗೆ ಕೊಟ್ಟೆ. "ನನ್ನ ದನಿ ನನಗ ಕೇಳಿಸಿ ಏನು ಮಾಡ್ಲೋ? ಆಕಿ ಹಿಡೀಲಿಲ್ಲಂದ್ರ ನಾ ಹೆಂಗ ಮುಂದಕ ಹೋಗ್ಲಿ?" ಅವನಿಗೆ ಬೇರೆ ದಾರಿ ಇರಲಿಲ್ಲ. ಒಂದೇ ಮೈಕಿನ ಮುಂದೆ ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ ನಿಂತು ಹಾಡಿದೆವು. ನಿನ್ನ ಬಾಯಿಂದ ಎಲೆಅಡಿಕೆಯ ವಾಸನೆ ಬರುತ್ತಿತ್ತು. ಆ ರೆಕಾರ್ಡಿಂಗು ಈಗಲೂ ನನ್ನ ಫೋನಿನಲ್ಲಿದೆ, ಪಂಪಿ, ಆದರೆ ವಾಸನೆ ಅದರಲ್ಲಿ ಬಂದಿಲ್ಲ.

ನಿನ್ನ ಎದೆಯೊಳಗಿನ ಕಾಯಿಲೆಯನ್ನು ನೀನು ಎಲ್ಲರಿಗೂ ಕೆಮ್ಮು ಎಂದೇ ಹೇಳಿದೆ. ನನ್ನ ಮಗಳ ಬಾಣಂತನಕ್ಕೆ ನಾನು ಹರಪನಹಳ್ಳಿಗೆ ಹೊರಟಾಗಲೂ "ಹೋಗಿ ಬಾರೇ, ಕೆಮ್ಮಿಗೆ ಯಾರಾದ್ರೂ ಸಾಯ್ತಾರೇನು" ಎಂದು ಬಸ್ಸಿನ ಕಿಟಕಿಯಲ್ಲಿ ಬಾಳೆಹಣ್ಣು ಕೊಟ್ಟೆ. ಮೊಮ್ಮಗನಿಗೆ ಹೆಸರಿಟ್ಟು ನಾನು ವಾಪಸ್ಸು ಬಂದು ಓಣಿಯ ತಿರುವಿನಲ್ಲಿ ನಿಂತಾಗ ನಿನ್ನ ಮನೆಯ ಮುಂದೆ ಚಪ್ಪಲಿಗಳ ರಾಶಿ ಕಂಡಿತು. ಆ ದಿನದ ಬಗ್ಗೆ ಬರೆಯುವುದಿಲ್ಲ.

ಲಗ್ನ ಹತ್ತಿರ ಬಂದಾಗ ದುರ್ಗಿ ನಿನ್ನ ಫೋನು ಹಿಡಿದು ಬಂದಳು. "ಅವ್ವ ನನ್ನ ಅರಿಶಿಣಕ್ಕ ಅಂತ ಇದರಾಗ ಹಾಡಿಟ್ಟಾಳ, ಚಿಗವ್ವ. ಉಳಿದಿದ್ದು ಮಾಲಿ ಹಾಕ್ತಾಳ ಅಂದಿದ್ಲು." ಹಾಡಿಡುವಾಗ ನಿನಗೆ ಎಲ್ಲ ಗೊತ್ತಿತ್ತಲ್ಲ ಕಳ್ಳಿ. ಉಳಿದದ್ದು ಅಂದರೆ ತಬಲ, ಹಾರ್ಮೋನಿಯಂ ಇರಬೇಕು ಎಂದು ಅವಳು ತಿಳಿದಿದ್ದಳು. ನಾನು ರವಿಕೆಗೆ ಹುಕ್ಸು ಹಾಕುವವಳು, ಹಾಡಿಗೆ ಏನು ಹಾಕಲಿ ಎಂದು ನನಗೂ ತಿಳಿಯಲಿಲ್ಲ. ತೆರೆದು ಕೇಳಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಹಾಗೆಯೇ ತೆಗೆದುಕೊಂಡು ಹೋಗಿ ಹುಲುಗೇಶನಿಗೆ ಕೊಟ್ಟೆವು.

ಅವನು ದನಿ ಸ್ವಚ್ಛ ಮಾಡುವ ಹೊಸ ಆ್ಯಪಿಗೆ ಅದನ್ನು ಹಾಕಿ, ತಬಲ ಕೂಡಿಸಿ, ನಮ್ಮನ್ನು ಕರೆಸಿ ಕೇಳಿಸಿದ. ನಿನ್ನ ದನಿ ಎಷ್ಟು ತಿಳಿಯಾಗಿತ್ತೆಂದರೆ ನೀನು ಮದುವೆಯಾಗಿ ಬಂದ ಹೊಸದರಲ್ಲಿ ಹಾಡಿದಂತಿತ್ತು. ಒಂದರ ಹಿಂದೆ ಒಂದು ಸಾಲು ಓಡಿತು. ದುರ್ಗಿ ಅರ್ಧಕ್ಕೇ ಕಿವಿ ಮುಚ್ಚಿಕೊಂಡಳು. "ಅವ್ವ ಉಸಿರೇ ತಗೊಳ್ಳಂಗಿಲ್ಲಲ್ಲ, ಚಿಗವ್ವ" ಎಂದು ಅಳತೊಡಗಿದಳು. ಕೊನೆಯ ದಿನಗಳಲ್ಲಿ ಒಂದೊಂದು ಉಸಿರಿಗೂ ನೀನು ಪಟ್ಟ ಪಾಡನ್ನು ಕಂಡ ಹುಡುಗಿ ಅವಳು. ಹುಲುಗೇಶ ಗಾಬರಿಯಾದ. "ನಡುವ ಖಾಲಿ ಭಾಳ ಇತ್ತಕ್ಕ, ಆ್ಯಪ್ ತೆಗೆದು ಹಾಕೈತಿ. ಕೆಮ್ಮು, ಬಳಿ ಸಪ್ಪಳ ಎಲ್ಲಾ ಹೋಗ್ಯಾವ ನೋಡ್ರಿ."

ಖಾಲಿ ಅಂದರೆ ಎಷ್ಟು ಎಂದು ಕೇಳಿದೆ.

"ಒಂದು ಸಾಲು ಆದ ಮ್ಯಾಲ ಒಂದು ಸಾಲಿನಷ್ಟು, ಅಕ್ಕ. ಎಲ್ಲಾ ಕಡೆ ಹಂಗ ಐತಿ."

ಅಲ್ಲೇ ಸ್ಟೂಲಿನ ಮೇಲೆ ಕೂತೆ. ಮೊದಲಿನದನ್ನು ಹಾಕು ಎಂದೆ. ಹಾಕಿದ. ದೂರದಲ್ಲಿ ಲಾರಿಯ ಹಾರ್ನು, ನಿಮ್ಮ ಹಿತ್ತಲಿನ ಕೋಳಿ, ಆಮೇಲೆ ನೀನು. ಒಡೆದ ದನಿ. ಒಂದು ಸಾಲು ಹಾಡಿ ನೀನು ನಿಂತೆ. ಆ ಜಾಗದಲ್ಲಿ ಮುಖ ಆಚೆ ತಿರುಗಿಸಿ ಕೆಮ್ಮಿದೆ, ಉಸಿರು ಎಳೆದುಕೊಂಡೆ, ಬಳೆಯಿಂದ ತಾಳ ತಟ್ಟಿದೆ. ಈ ಸಲ ಬಳೆಗೆ ಕರ್ಚೀಪು ಕಟ್ಟಿರಲಿಲ್ಲ ನೀನು. ನನಗೆ ತಾಳ ತಪ್ಪಬಾರದಲ್ಲ. ನಾನು ಒಂದಿಷ್ಟು ತಡವಾಗಿ ಹಿಡಿಯುತ್ತೇನೆಂದು ಅದಕ್ಕೂ ಸೇರಿಸಿ ಜಾಗ ಬಿಟ್ಟಿದ್ದೆ. ಉಳಿದದ್ದು ಎಂದರೆ ನಾನು. ಉಸಿರಿಗೇ ಬರಗಾಲ ಬಂದಿದ್ದ ಆ ದಿನಗಳಲ್ಲಿ, ಒಬ್ಬಳೇ ಗೋಡೆಗೆ ಒರಗಿ ಕೂತು, ಊರಲ್ಲೇ ಇಲ್ಲದ ನನಗಾಗಿ ನೀನು ಸಾಲು ಸಾಲಿಗೂ ಕಾದಿದ್ದೆ. ಅವನ ಅಂಗಡಿಯಲ್ಲಿ ಕೂತು ನಾನು ಹೇಗೆ ಅತ್ತೆ ಎಂದು ಕೇಳಬೇಡ. ರೀಚಾರ್ಜಿಗೆ ಬಂದವರು ವಾಪಸ್ಸು ಹೋದರು.

ಹುಲುಗೇಶ ಪಾಪ, ಕೆಟ್ಟವನಲ್ಲ. ನನ್ನ ದನಿಯನ್ನು ಆ ಜಾಗಗಳಿಗೆ ಕೂರಿಸಿ ಒಂದೇ ಫೈಲ್ ಮಾಡಿಕೊಡುತ್ತೇನೆ ಎಂದ. ಬೇಡ ಎಂದೆ. ನೀನು ಎತ್ತಬೇಕು, ನಾನು ಪಕ್ಕದಲ್ಲಿ ನಿಂತೇ ಹಿಡಿಯಬೇಕು, ಮಗಳ ಅರಿಶಿಣಕ್ಕೆ ನಮ್ಮ ಹಾಡು ತಪ್ಪಬಾರದು ಎಂಬ ಹಟ ನನಗೆ ಬಂದಿತ್ತು.

ಅರಿಶಿಣದ ಬೆಳಿಗ್ಗೆ ನಿಮ್ಮ ಅಂಗಳದ ಚಪ್ಪರದಲ್ಲಿ, ನೀನು ಯಾವಾಗಲೂ ನಿಲ್ಲುವ ಕಡೆ, ಸ್ಟೂಲಿನ ಮೇಲೆ ಸ್ಪೀಕರ್ ಇಟ್ಟರು. ನಾನು ಪಕ್ಕದಲ್ಲಿ ನಿಂತೆ. ನೀನು ಎತ್ತಿದೆ, ನಾನು ಹಿಡಿದೆ. ಕೂತ ಹೆಂಗಸರೆಲ್ಲ ಕಣ್ಣಿಗೆ ಸೆರಗು ಹಚ್ಚಿದರು, ನಾನು ಮಾತ್ರ ಗಟ್ಟಿಯಾಗಿದ್ದೆ. ಒಂದು ಸಾಲಿಗೂ ತಡ ಮಾಡಲಿಲ್ಲ, ಬೇಕಾದರೆ ಯಾರನ್ನಾದರೂ ಕೇಳು. ಆಮೇಲೆ ನೀನು ಈ ಸಾಲು ಎತ್ತಿದೆ, ನಾನು ಎಲ್ಲೂ ಕೇಳಿರದ್ದು, ನೀನೇ ಕಟ್ಟಿದ್ದಿರಬೇಕು: "ಹೊಸ್ತಿಲ ದಾಟುವಾಗ ತಿರುಗೊಮ್ಮೆ ನೋಡ ಮಗಳ, ಅರಿಶಿಣದ ಕೈಲೆ ನಿಂತೀನಿ." ಅಂಗಡಿಯಲ್ಲಿ ಅಳುವಿನ ಗದ್ದಲದಲ್ಲಿ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಈಗ ಅದನ್ನು ನಾನು ತಿರುಗಿ ಹಾಡಬೇಕು. ನಿನ್ನ ಬದಲು ನಾನು ನಿಂತೀನಿ ಎನ್ನಬೇಕು.

ನೀನು ಕಾಯುತ್ತೀ ಎಂದುಕೊಂಡೆ. ಅಷ್ಟು ವರ್ಷಗಳ ರೂಢಿ. ಅಳು ನುಂಗಿಕೊಳ್ಳುತ್ತೇನೆ, ಅಲ್ಲಿಯವರೆಗೆ ಇವಳು ಬಳೆ ತಟ್ಟುತ್ತಿರುತ್ತಾಳೆ ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೆ. ಯಾರೂ ಹಿಡಿಯಲಿಲ್ಲ. ಆ ಖಾಲಿಯಲ್ಲಿ ಸ್ಪೀಕರಿನಿಂದ ನಿನ್ನ ಉಸಿರು ಕೇಳಿಸಿತು, ಗೊರಗೊರ ಎಂದು ಒಳಗೆ ಎಳೆದುಕೊಂಡ ದೊಡ್ಡ ಉಸಿರು. ದುರ್ಗಿ ಅರಿಶಿಣ ಮೆತ್ತಿದ ಮುಖ ಎತ್ತಿ, "ಅವ್ವ ಉಸಿರು ತಗೊಂಡ್ಲು" ಎಂದಳು.

ಆಮೇಲೆ ನೀನು ಮುಂದಿನ ಸಾಲು ಎತ್ತಿದೆ. ನಾನು ಇನ್ನೂ ಹಿಡಿದಿರಲಿಲ್ಲ, ಪಂಪಿ. ನೀನು ನನ್ನನ್ನು ಬಿಟ್ಟು ಮುಂದಕ್ಕೆ ಹೋದೆ. ಚಪ್ಪಲಿಗಳ ರಾಶಿ ಕಂಡ ದಿನ ನನಗೆ ಗೊತ್ತಾಗಿರಲಿಲ್ಲ, ನಿನ್ನನ್ನು ಮಣ್ಣಿಗಿಟ್ಟು ಬಂದಾಗಲೂ ಗೊತ್ತಾಗಿರಲಿಲ್ಲ. ನೀನು ಸತ್ತಿದ್ದೀ ಎಂದು ನನಗೆ ಗೊತ್ತಾದದ್ದು ಆಗ.

ಆ ಒಂದು ಸಾಲು ಇನ್ನೂ ನನ್ನ ಬಾಯಲ್ಲೇ ಇದೆ. ಅದನ್ನು ಇಲ್ಲಿ ಯಾರ ಮುಂದೆಯೂ ಹಾಡುವುದಿಲ್ಲ. ನಿನ್ನ ಮಗಳ ಬಳೆ ಸದಾ ಸದ್ದು ಮಾಡುತ್ತಿರಲಿ. ನೀನಿರುವ ಕಡೆ ಉಸಿರು ಸಲೀಸಾಗಿರಲಿ. ನಾನು ಬರುವುದು ತಡವಾಗುತ್ತದೆ, ನಿನಗೆ ಗೊತ್ತಲ್ಲ. ಅಲ್ಲಾದರೂ ಕಾದಿರು.

ತಡವಾಗಿ ಹಿಡಿಯುವ
ನಿನ್ನ ಮಾಲಿ