ದೋಣಿಯಲ್ಲಿ ಎದ್ದು ನಿಂತ ಅಮ್ಮ

ಅಪ್ಪ,

ನೀವು ಹೋಗೋಣ ಹೋಗೋಣ ಎನ್ನುತ್ತಿದ್ದ ಹೊಳೆದಂಡೆಯ ಹಳೇ ಊರಿಗೆ ಇವತ್ತು ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೆ. ನೀವು ತೀರಿಕೊಂಡದ್ದನ್ನು ಅಮ್ಮ ಈಚೆಗೆ ಮರೆಯುತ್ತಾಳೆ.

ಅಲ್ಲಿನ ಕೋಟೆ ಬಾಗಿಲಲ್ಲಿ ಟಿಕೆಟ್ ಕೊಂಡು ತಿರುಗಿದರೆ ಅವಳಿಲ್ಲ. ಮಕ್ಕಳನ್ನು ಎಳೆದುಕೊಂಡು ಹೊಳೆಗೆ ಓಡಿದೆ. ಆಗಷ್ಟೇ ದಡ ಬಿಟ್ಟಿದ್ದ ದೋಣಿಯಲ್ಲಿ ಅಮ್ಮ ಎದ್ದು ನಿಂತಿದ್ದಳು; ದೋಣಿ ವಾಲುತ್ತಿತ್ತು.

"ಕೂತ್ಕೊಳ್ಳಿ ತಾಯಿ, ಮುಳುಗ್ತೀವಿ!" ಎಂದು ಅಂಬಿಗ ಕೂಗಿದ.

"ನಮ್ಮ ಯಜಮಾನ್ರು ಆಚೆ ದಡದಲ್ಲಿ ಕಾಯ್ತಿದ್ದಾರಪ್ಪ, ಬೇಗ ನಡಿ."

ನನಗೆ ಬೇರೇನೂ ತೋಚಲಿಲ್ಲ. "ಅಮ್ಮಾ, ಅಪ್ಪ ಇಲ್ಲೇ ಇದ್ದಾರೆ! ಕೂತ್ಕೊಂಡು ಬಾ!" ಎಂದು ಕಿರುಚಿದೆ.

ತಕ್ಷಣ ಕೂತಳು; ಅಂಬಿಗ ದೋಣಿಯನ್ನು ಹಿಂದಕ್ಕೆ ತಿರುಗಿಸಿದ. ಅಮ್ಮ ದಡಕ್ಕಿಳಿದು ಕೂದಲು ಸರಿಮಾಡಿಕೊಂಡು, ನನ್ನ ಬೆನ್ನ ಹಿಂದೆ ಇಣುಕಿ, "ಎಲ್ಲೇ ಅವರು?" ಎಂದಳು.

"ಆಗ್ಲೇ ಮನೆಗೆ ಹೋದ್ರು" ಎಂದೆ.

ಈಗ ಮನೆಯ ಕೋಣೆ ಕೋಣೆಯಲ್ಲೂ ನಿಮ್ಮನ್ನು ಹುಡುಕುತ್ತಿದ್ದಾಳೆ, ಅಪ್ಪ. ಉಳಿದಿರುವುದು ನಾನಿರುವ ಕೋಣೆಯೊಂದೇ.