ಸೀಟು ತಣ್ಣಗಿಡಲು ಸುಟ್ಟ ಡೀಸೆಲ್

ನಾರಾಯಣಪೇಟೆ, 12 ಮೇ 2019, ಭಾನುವಾರ

ಯಜಮಾನರ ಹೊಸ ಎಸ್‌ಯುವಿ ನೆನೆದರೇ ಹೇಸಿಗೆಯಾಗುತ್ತಿದೆ. ಮಕ್ತಲ್‌ನ ಮದುವೆಯಲ್ಲಿ ನಮ್ಮ ಊಟ ಮುಗಿಯುವವರೆಗೂ ಅದು ಎ.ಸಿ. ಹಾಕಿಕೊಂಡು ನಿಂತಲ್ಲೇ ಡೀಸೆಲ್ ಕುಡಿಯಿತು. ಹತ್ತುವಾಗ ಸೀಟು ತಣ್ಣಗಿರಬೇಕಂತೆ. ಹೊರಟಾಗ, ಅದೇ ಮದುವೆಗೆ ಬಂದಿದ್ದ ನಮ್ಮ ಬೀದಿಯ ಶಂಕ್ರಮ್ಮ, ಜ್ವರದಿಂದ ಸುಡುತ್ತಿದ್ದ ಮೊಮ್ಮಗಳನ್ನು ಎತ್ತಿಕೊಂಡು ಓಡಿ ಬಂದಳು.

“ನಾರಾಯಣಪ್ಯಾಟಿ ದೊಡ್ಡ ದವಾಖಾನಿಗಿ ಒಯ್ಯಾಕ ಇಲ್ಲಿ ಡಾಕ್ಟರ್ ಹೇಳ್ಯಾರ್ರಿ, ಕರ್ಕೊಂಡು ಹೋಗ್ರೀ ಸಾವ್ಕಾರ್ರ.”

“ಮಂದಿ ಹೆಚ್ಚಾದ್ರ ಗಾಡಿ ಡೀಸೆಲ್ ಭಾಳ ತಿಂತೈತಿ. ಆಟೋ ಹಿಡಿ,” ಎಂದರು ಇವರು. ಹಿಂದಿನ ಸೀಟುಗಳೆಲ್ಲ ಖಾಲಿ.

ನಾನು ಇಳಿದು ಅವಳ ಜೊತೆ ಆಟೋ ಹತ್ತಿದೆ. ಸಲೈನ್ ಏರಿದ ಮೇಲೆ ಮಗು ಕಣ್ಣು ಬಿಟ್ಟಿತು.

ಮನೆಗೆ ಬಂದರೆ ಮಗು ಹೇಗಿದೆ ಎಂದು ಇವರು ಕೇಳಲಿಲ್ಲ. “ರೇಷ್ಮಿ ಸೀರಿ ಉಟ್ಕೊಂಡು ಆಟೋದಾಗ ಕುಂತೆಲ್ಲ, ನನ್ನ ಮರ್ಯಾದಿ ಏನಾತು?” ಎಂದರು. ಅಸಹ್ಯವಾಗಿ ಎದ್ದು ಬಂದೆ.

ನಾಳೆಯೂ ದವಾಖಾನೆಗೆ ಆಟೋದಲ್ಲೇ ಹೋಗುತ್ತೇನೆ, ಇದಕ್ಕಿಂತ ಒಳ್ಳೆಯ ಸೀರೆ ಉಟ್ಟು.